ಹಾಲುಹಲ್ಲಿನ ಸೀಟಿಗೊಂದು ಟವೆಲ್

ವರ್ಗಾವಣೆಯ ನೌಕರಿಯಲ್ಲಿರುವವರ ಮನೆಯಲ್ಲಿ ಒಂದು ಫೈಲು ಇದ್ದೇ ಇರುತ್ತದೆ. ನಮ್ಮದು ನೀಲಿ ಬಣ್ಣದ್ದು, ಝಿಪ್ ಕಿತ್ತುಹೋಗಿದೆ. ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ಟಿ.ಸಿ., ಲಸಿಕೆ ಕಾರ್ಡು, ಗ್ಯಾಸ್ ಸಂಪರ್ಕದ ಚೀಟಿ, ಹಳೆಯ ಮನೆ ಮಾಲೀಕರು ಇನ್ನೂ ಪೂರ್ತಿ ವಾಪಸ್ ಕೊಡದ ಅಡ್ವಾನ್ಸಿನ ರಸೀದಿ, ಎಲ್ಲವೂ ಅದರಲ್ಲಿವೆ. ಬ್ಯಾಂಕಿನ ಕೆಲಸದ ಬೆನ್ನು ಹತ್ತಿ ಚೆನ್ನೈ, ಹೈದರಾಬಾದ್, ಈಗ ಪುಣೆ ಎಂದು ಮೂರು ಊರು ನೋಡಿದ ಫೈಲು ಅದು. ಅದರಲ್ಲಿ ಇಲ್ಲದೇ ಹೋದ ಒಂದು ಕಾಗದದ ಬಗ್ಗೆ ಇವತ್ತು ಬರೆಯುತ್ತಿದ್ದೇನೆ. ನನ್ನ 13 ವರ್ಷದ ಮಗಳು ಈಗ ಹಲ್ಲಿಗೆ ತಂತಿ ಹಾಕಿಸಿಕೊಂಡು, ಫೋಟೊ ತೆಗೆಯುವಾಗ ತುಟಿ ಬಿಗಿ ಹಿಡಿದು ನಿಲ್ಲುವುದಕ್ಕೂ ಆ ಕಾಗದಕ್ಕೂ ಸಂಬಂಧವಿದೆ.

2018ರಲ್ಲಿ ನಾವು ಚೆನ್ನೈನಲ್ಲಿದ್ದೆವು. ಮಗಳಿಗೆ ಆರೂವರೆ ವರ್ಷ. ಒಂದು ಶುಕ್ರವಾರ ರಾತ್ರಿ ಕೆಳಗಿನ ಎಡ ದವಡೆ ಹಿಡಿದುಕೊಂಡು ಅಳತೊಡಗಿದಳು. ಲವಂಗ ಇಟ್ಟೆವು, ಬಿಸಿ ಉಪ್ಪುನೀರು ಮುಕ್ಕಳಿಸಿದಳು, ಬೆಳಗಿನ ಹೊತ್ತಿಗೆ ಕೆನ್ನೆ ಊದಿಕೊಂಡಿತ್ತು. ಪುಣ್ಯಕ್ಕೆ ಅದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಮನೆ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ವೈದ್ಯರು ಒಳ್ಳೆಯವರೇ. ಕೆಲವು ದಿನ ಮಾತ್ರೆ ಕೊಟ್ಟು ಊತ ಇಳಿದ ಮೇಲೆ ಹುಳುಕು ಹಿಡಿದ ಹಲ್ಲನ್ನು ಹತ್ತು ನಿಮಿಷದಲ್ಲಿ ತೆಗೆದರು. ಹತ್ತಿ ಕಚ್ಚಿಸಿ, ಐಸ್‌ಕ್ರೀಂ ಕೊಡಿಸಿ ಎಂದು ನಗುತ್ತಾ ಕಳಿಸಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ಹೊಸ ಹಲ್ಲು ಬರುತ್ತದಲ್ಲ? ಬರುತ್ತದೆ ಅಂದರು. ಆ ಮಾತು ಸುಳ್ಳಲ್ಲ. ಆದರೆ ಯಾವಾಗ ಬರುತ್ತದೆ, ಅಲ್ಲಿಯವರೆಗೆ ಅದರ ಜಾಗವನ್ನು ಯಾರು ಕಾಯುತ್ತಾರೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಂಜೆ ಗದಗಿಗೆ ಫೋನ್ ಮಾಡಿದಾಗ ಅವ್ವ ಅಂದದ್ದು ಇಷ್ಟು: "ಹಾಲಹಲ್ಲ ಅಲ್ಲೇನಪಾ, ಬಿಡು. ಮತ್ತ ಬರ್ತೈತಿ. ಹಲ್ಲ ಅಲ್ಲೆಲ್ಲೂ ಒಗಿಬ್ಯಾಡ್ರಿ, ಊರಿಗೆ ಬಂದಾಗ ತರ್ರಿ."

ನಮ್ಮ ಕಡೆ ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಹಂಚಿನ ಮೇಲೆ ಎಸೆಯುತ್ತಾರೆ. ನಾನೂ ಎಸೆದಿದ್ದೇನೆ. ಆ ಪದ್ಧತಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಅದು ತಾನಾಗಿ ಅಲುಗಾಡಿ, ನಾಲಿಗೆಯಿಂದ ದೂಡಿ ದೂಡಿ ಬೀಳಿಸಿದ ಮುಂದಿನ ಹಲ್ಲಿಗೆ ಮಾಡಿದ ಪದ್ಧತಿ. ಮುಂದಿನ ಹಾಲುಹಲ್ಲುಗಳು 6-7ನೇ ವರ್ಷಕ್ಕೆ ಬೀಳುತ್ತವೆ, ಅಷ್ಟರಲ್ಲಿ ಹೊಸದು ಕೆಳಗೆ ಬಂದು ನಿಂತಿರುತ್ತದೆ. ಹಿಂದಿನ ದವಡೆಯ ಹಾಲುಹಲ್ಲುಗಳ ಲೆಕ್ಕವೇ ಬೇರೆ. ಒಟ್ಟು 20 ಹಾಲುಹಲ್ಲುಗಳಲ್ಲಿ ಹಿಂದಿನ 8 ಹಲ್ಲುಗಳು ಮಗುವಿಗೆ ಸುಮಾರು 10ರಿಂದ 12 ವರ್ಷ ಆಗುವವರೆಗೂ ಇರಬೇಕಾದವು. ರೊಟ್ಟಿ ಅಗಿಯುವುದು, ಕಬ್ಬು ಸಿಗಿಯುವುದು ಎಲ್ಲ ಅವುಗಳ ಮೇಲೆಯೇ. ಆರೂವರೆ ವರ್ಷಕ್ಕೆ ಅಂಥದ್ದೊಂದು ಹೋದರೆ ಆ ಜಾಗ ಹೆಚ್ಚುಕಡಿಮೆ ಐದು ವರ್ಷ ಖಾಲಿ ಇರುತ್ತದೆ ಎಂದರ್ಥ. ಹಾಲುಹಲ್ಲು ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೋ ಏನೋ. ಹಾಲು ಕುಡಿಯುವ ವಯಸ್ಸು ಮುಗಿದು, ಐದನೇ ಕ್ಲಾಸಿನ ಪರೀಕ್ಷೆ ಬರೆಯುವಾಗಲೂ ಅವು ಬಾಯಲ್ಲೇ ಇರುತ್ತವೆ.

ಖಾಲಿ ಇದ್ದರೇನಾಯಿತು ಎಂದು ಕೇಳುವವರು ನಮ್ಮೂರಿನ ಬಸ್ ನಿಲ್ದಾಣವನ್ನು ನೆನಪಿಸಿಕೊಳ್ಳಬೇಕು. ಬಸ್ಸು ಇನ್ನೂ ಪ್ಲಾಟ್‌ಫಾರ್ಮಿಗೆ ಬಂದು ನಿಂತಿರುವುದಿಲ್ಲ, ಕಿಟಕಿಯಿಂದ ಟವೆಲ್ಲೋ ಚೀಲವೋ ಸೀಟಿನ ಮೇಲೆ ಬಿದ್ದಿರುತ್ತದೆ. ಟವೆಲ್ ಹಾಕದೆ ಚಹಾ ಕುಡಿದು ಬಂದರೆ ಪಕ್ಕದವರು ಕಾಲು ಚಾಚಿ, ಸರಿದು, ಮೂರು ಜನರ ಸೀಟಿನಲ್ಲಿ ಇಬ್ಬರೇ ತುಂಬಿ ಕೂತಿರುತ್ತಾರೆ. ಅವರೇನೂ ಮೋಸ ಮಾಡಿದವರಲ್ಲ. ಜಾಗ ಖಾಲಿ ಇತ್ತು, ಸರಿದರು ಅಷ್ಟೆ.

ಬಾಯಲ್ಲಿ ಆಗುವುದೂ ಅದೇ. ಸುಮಾರು ಆರನೇ ವರ್ಷಕ್ಕೆ ಹಾಲುಹಲ್ಲುಗಳ ಸಾಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಅದು ಬರಲು ಯಾವ ಹಲ್ಲೂ ಬೀಳಬೇಕಿಲ್ಲವಾದ್ದರಿಂದ ಎಷ್ಟೋ ತಂದೆತಾಯಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ, ಅದೂ ಒಂದು ಹಾಲುಹಲ್ಲು ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಅದು ಜೀವಮಾನವಿಡೀ ಇರಬೇಕಾದ ಕಾಯಂ ಹಲ್ಲು. ಅದಕ್ಕೆ ಮುಂದಕ್ಕೆ ಸರಿಯುವ ಸ್ವಭಾವವಿದೆ. ಮುಂದಿನ ಹಾಲುಹಲ್ಲು ಅದನ್ನು ತಡೆದು ನಿಲ್ಲಿಸಿರುತ್ತದೆ. ತಡೆ ಹೋದರೆ ಕೆಳ ದವಡೆಯಲ್ಲಿ ಅದು ಮುಂದಕ್ಕೆ ವಾಲುತ್ತದೆ, ಮೇಲ್ದವಡೆಯಲ್ಲಾದರೆ ತಿರುಗುತ್ತಾ ಸರಿಯುತ್ತದೆ. ಈ ಸರಿದಾಟ ಹೆಚ್ಚಾಗಿ ನಡೆಯುವುದು ಹಲ್ಲು ಕೀಳಿಸಿದ ಮೊದಲ ಆರು ತಿಂಗಳಲ್ಲಿ. ಎರಡು ಮೂರು ಮಿಲಿಮೀಟರ್ ಸರಿದರೆ ಮಹಾ ಏನಾಯಿತು ಅನ್ನಿಸಬಹುದು. ಅಲ್ಲಿ ಬರಬೇಕಾದ ಹೊಸ ಹಲ್ಲಿನ ಅಗಲವೇ ಸುಮಾರು 7 ಮಿಲಿಮೀಟರ್.

ನಮಗೆ ಇದೆಲ್ಲ ಗೊತ್ತಾದದ್ದು ಹೈದರಾಬಾದಿನಲ್ಲಿ. 2019ರಲ್ಲಿ ಅಲ್ಲಿಗೆ ವರ್ಗವಾಯಿತು, ಹೊಸ ಶಾಲೆ, ಹೊಸ ಮನೆ, ಮರುವರ್ಷ ಲಾಕ್‌ಡೌನ್. ನೋವಿಲ್ಲದ ಹಲ್ಲನ್ನು ತೋರಿಸಲು ಆಗ ಯಾರು ಕ್ಲಿನಿಕ್ಕಿಗೆ ಹೋಗುತ್ತಿದ್ದರು? 2021ರ ಕೊನೆಗೆ ಬೇರೇನೋ ನೆಪಕ್ಕೆ ಹೋದಾಗ ವೈದ್ಯೆ ಇಡೀ ದವಡೆಯ ಎಕ್ಸ್‌ರೇ ತೆಗೆಸಿ ಗೋಡೆಯ ಪರದೆಯ ಮೇಲೆ ತೋರಿಸಿದರು. ಆರನೇ ವರ್ಷದ ಹಲ್ಲು ಖಾಲಿ ಜಾಗದೊಳಕ್ಕೆ ವಾಲಿಕೊಂಡಿತ್ತು. ಅದರ ಕೆಳಗೆ, ಮೂಳೆಯೊಳಗೆ, ಬರಬೇಕಾದ ಹಲ್ಲು ಪ್ಲಾಟ್‌ಫಾರ್ಮ್ ಸಿಗದೆ ಊರಾಚೆ ನಿಂತ ರೈಲಿನಂತೆ ನಿಂತಿತ್ತು. "ಹಲ್ಲು ತೆಗೆದಾಗ ಸ್ಪೇಸ್ ಮೇಂಟೇನರ್ ಹಾಕಲಿಲ್ಲವಾ?" ಎಂದು ಅವರು ಕೇಳಿದಾಗ ನಾನು ಆ ಪದವನ್ನು ಮೊದಲ ಸಲ ಕೇಳುತ್ತಿದ್ದೆ.

ಆ ಹಲ್ಲನ್ನು ಕೀಳದೆ ಉಳಿಸಬಹುದಿತ್ತೇ ಎಂದೂ ಕೇಳಿದೆ. ಆಗಿನ ಎಕ್ಸ್‌ರೇ ನೋಡದೆ ಹೇಳುವುದು ಹೇಗೆ ಅಂದರು, ನ್ಯಾಯವೇ. ಮನೆಗೆ ಬಂದು ನೀಲಿ ಫೈಲು ತಡಕಾಡಿದೆ. ಚೆನ್ನೈ ಕ್ಲಿನಿಕ್ಕಿನದು ಎಂದು ಇದ್ದದ್ದು ದುಡ್ಡು ಕೊಟ್ಟ ಒಂದು ರಸೀದಿ. ಯಾವ ಹಲ್ಲು, ಏಕೆ ತೆಗೆದರು, ಮುಂದೇನು ಮಾಡಬೇಕು, ಒಂದಕ್ಷರವೂ ಇರಲಿಲ್ಲ.

ಸರಿದ ಹಲ್ಲನ್ನು ಹಿಂದಕ್ಕೆ ತಳ್ಳಲು ಮೊದಲು ತೆಗೆದು ಹಾಕುವ ಒಂದು ಪ್ಲೇಟ್ ಮಾಡಿಸಿದೆವು. ಶಾಲೆಯಲ್ಲಿ ಊಟಕ್ಕೆ ಕೂತಾಗ ಅದನ್ನು ತೆಗೆದು ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟಳು, ಆ ಟಿಶ್ಯೂ ಕಸದ ಬುಟ್ಟಿ ಸೇರಿತು. ಮಕ್ಕಳಿಗೆ ಪ್ಲೇಟ್ ಕೊಟ್ಟವರ ಮನೆಯಲ್ಲೆಲ್ಲ ಈ ಕಥೆಯ ಒಂದು ಆವೃತ್ತಿ ಇರುತ್ತದೆ ಎಂದು ಆಮೇಲೆ ತಿಳಿಯಿತು. ಕೊನೆಗೆ 12 ತುಂಬಿದ ಮೇಲೆ ತಂತಿ ಹಾಕಿಸಬೇಕಾಯಿತು.

ಮಗನ ಸರದಿ ಬಂದದ್ದು 2023ರಲ್ಲಿ, ಅವನಿಗೆ 7 ವರ್ಷ. ನಾವು ಪಾಠ ಕಲಿತ ತಂದೆತಾಯಿ ಎಂದು ಹೇಳಿಕೊಳ್ಳಲಾರೆ, ರಾತ್ರಿ ಸಕ್ಕರೆ ಹಾಕಿದ ಹಾಲು ಕುಡಿದು ಮಲಗುವ ರೂಢಿ ಅವನಿಗೂ ಇತ್ತು. ಅವನ ಕೆಳದವಡೆಯ ಬಲಗಡೆ ಕೊನೆಯ ಹಾಲುಹಲ್ಲಿಗೆ ಮೊದಲು ಬೇರಿನ ಚಿಕಿತ್ಸೆ ಮಾಡಿ ಸ್ಟೀಲ್ ಕ್ಯಾಪ್ ಹಾಕಿದರು. ಜಾಗ ಕಾಯಲು ಆ ಹಾಲುಹಲ್ಲಿಗಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ, ಆದಷ್ಟು ಅದನ್ನೇ ಉಳಿಸೋಣ ಎಂಬುದು ಹೈದರಾಬಾದಿನ ಅದೇ ವೈದ್ಯೆಯ ವಾದ. ಕೆಲವು ತಿಂಗಳಲ್ಲಿ ವಸಡು ಮತ್ತೆ ಊದಿತು, ಕೀಳಲೇಬೇಕಾಯಿತು. ಈ ಸಲ ಕೀಳುವ ಮೊದಲೇ ಮುಂದಿನ ಮಾತು ಆಗಿತ್ತು.

ಅವನಿಗೆ ಹಾಕಿದ್ದರ ಹೆಸರು ಬ್ಯಾಂಡ್ ಆ್ಯಂಡ್ ಲೂಪ್. ನೋಡಲು ಏನೂ ಅಲ್ಲ. ಹಿಂದಿನ ಕಾಯಂ ಹಲ್ಲಿಗೆ ಉಂಗುರದಂತೆ ಕೂರುವ ಒಂದು ಸ್ಟೀಲ್ ಪಟ್ಟಿ, ಅದಕ್ಕೆ ಬೆಸೆದ ಒಂದು ತಂತಿಯ ಕೊಕ್ಕೆ. ಕೊಕ್ಕೆ ಖಾಲಿ ಜಾಗದ ಮೇಲೆ ಹಾದು ಮುಂದಿನ ಹಲ್ಲಿಗೆ ತಾಗಿ ನಿಲ್ಲುತ್ತದೆ. ನಡುವೆ ತೆರೆದಿರುವುದರಿಂದ ಹೊಸ ಹಲ್ಲು ಬಂದರೆ ಅದರೊಳಗಿಂದಲೇ ತಲೆ ಎತ್ತಬಹುದು. ಮೊದಲ ಸಲ ಹೋದಾಗ ಪಟ್ಟಿಯ ಅಳತೆ ನೋಡಿ ಅಚ್ಚು ತೆಗೆದುಕೊಂಡರು, ಎರಡನೇ ಸಲ ಸಿಮೆಂಟಿನಿಂದ ಅಂಟಿಸಿದರು. ಇಂಜೆಕ್ಷನ್ ಇಲ್ಲ, ನೋವಿಲ್ಲ. ಎರಡು ದಿನ ನಾಲಿಗೆಗೆ ಕಿರಿಕಿರಿ ಎಂದ, ಮೂರನೆಯ ದಿನ ಮರೆತ. ಅದಕ್ಕೆ ಕೊಟ್ಟದ್ದು ಕೆಲವು ಸಾವಿರ ರೂಪಾಯಿ. ಅಕ್ಕನ ತಂತಿಯ ಖರ್ಚು ಅದರ ಹತ್ತು ಪಟ್ಟಿಗೂ ಹೆಚ್ಚು. ನಮ್ಮ ಆರೋಗ್ಯ ವಿಮೆಯಲ್ಲಿ ಎರಡಕ್ಕೂ ಕಾಸು ಹುಟ್ಟಲಿಲ್ಲ, ಆ ಮಾತು ಬೇರೆ.

ಎರಡೂ ಕಡೆ ಹಲ್ಲು ಹೋಗಿದ್ದರೆ ಕೆಳದವಡೆಗೆ ನಾಲಿಗೆಯ ಕಡೆಯಿಂದ ಬಿಲ್ಲಿನಂತೆ ಬಾಗಿದ ತಂತಿ ಹಾಕುತ್ತಾರೆ, ಮೇಲ್ದವಡೆಗೆ ಅಂಗುಳಿನ ಕಡೆಯಿಂದ. ಆರನೇ ವರ್ಷದ ಹಲ್ಲು ಇನ್ನೂ ಬಂದೇ ಇಲ್ಲದಿದ್ದರೆ ಬೇರೊಂದು ಬಗೆ. ಯಾವುದು ಎಂದು ನಿರ್ಧರಿಸುವುದು ವೈದ್ಯರ ಕೆಲಸ, ನಮ್ಮದಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು, ಇಲ್ಲದಿದ್ದರೆ ನಾಳೆ ಎಲ್ಲರೂ ಮಕ್ಕಳ ಬಾಯಿಗೆ ತಂತಿ ಹಾಕಿಸಲು ಹೊರಟಾರು. ಹೋದ ಪ್ರತಿ ಹಲ್ಲಿಗೂ ಇದು ಬೇಕಿಲ್ಲ. ಆಟವಾಡುವಾಗ ಬಿದ್ದು ಮುಂದಿನ ಹಾಲುಹಲ್ಲು ಹೋದರೆ ಜಾಗ ಮುಚ್ಚಿಹೋಗುವ ಭಯ ಸಾಮಾನ್ಯವಾಗಿ ಕಡಿಮೆ. ಅಲ್ಲಿ ಹಲ್ಲು ಕಟ್ಟಿಸುವುದು ಹೆಚ್ಚಾಗಿ ಅಂದಕ್ಕೆ, ಮಾತಿನ ಸ್ಪಷ್ಟತೆಗೆ. ಎಕ್ಸ್‌ರೇಯಲ್ಲಿ ಹೊಸ ಹಲ್ಲು ವಸಡಿನ ಕೆಳಗೇ ಬಂದು ನಿಂತಿರುವುದು ಕಂಡರೆ ಸುಮ್ಮನೆ ಕಾದರೆ ಸಾಕು. ಕೊನೆಯದಲ್ಲದ, ಅದರ ಮುಂದಿನ ಹಾಲುದವಡೆ ಹಲ್ಲು ಹೋದಾಗ ಪ್ರತಿ ಮಗುವಿಗೂ ಇದು ಅಗತ್ಯವೇ ಎಂಬ ಬಗ್ಗೆ ದಂತವೈದ್ಯರಲ್ಲೇ ಎರಡು ಅಭಿಪ್ರಾಯಗಳಿವೆ. ಕೆಲವು ಮಕ್ಕಳಿಗೆ ಕೆಳಗೆ ಕಾಯಂ ಹಲ್ಲೇ ಇರುವುದಿಲ್ಲ, ಆಗ ಲೆಕ್ಕವೇ ಬದಲಾಗುತ್ತದೆ. ಆದ್ದರಿಂದ ಎಕ್ಸ್‌ರೇ ನೋಡದೆ ಹಾಕಿಸಿ ಅನ್ನುವವರ ಮೇಲೂ ನನಗೆ ನಂಬಿಕೆ ಇಲ್ಲ, ನೋಡದೆ ಬೇಡ ಅನ್ನುವವರ ಮೇಲೂ ಇಲ್ಲ.

ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ನಮಗೆ ಹಲ್ಲು ಬರಲಿಲ್ಲವೇ ಎನ್ನುವ ಸಹೋದ್ಯೋಗಿಗಳಿದ್ದಾರೆ. ಬಂದಿವೆ. ನನ್ನ ಕೆಳದವಡೆಯಲ್ಲೇ ಒಂದು ಹಲ್ಲು ನಾಲಿಗೆಯ ಕಡೆಗೆ ಹುಟ್ಟಿಕೊಂಡಿದೆ, 40 ವರ್ಷ ದಾಟಿದರೂ ಅದರ ಸಂದಿಗೆ ಸಿಕ್ಕ ಬಳ್ಳೊಳ್ಳಿ ಸಿಪ್ಪೆ ತೆಗೆಯಲು ಕಡ್ಡಿ ಹುಡುಕುತ್ತೇನೆ.

ಹಲ್ಲಿನ ಬಗ್ಗೆ ಹೇಳಬೇಕಾದವರು ಹೇಳಿದ್ದಾರೆ. ಊರು ಬಿಟ್ಟು ಊರಿಗೆ ಹೋಗುವ ನಮ್ಮಂಥವರಿಗೆ ಇದರಲ್ಲಿ ಪ್ರತ್ಯೇಕವಾದ ಒಂದು ತೊಂದರೆ ಇದೆ, ಅದನ್ನು ನಾವೇ ಹೇಳಿಕೊಳ್ಳಬೇಕು. ಲೂಪ್ ಹಾಕಿಸಿದರೆ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ. ಆರು ತಿಂಗಳಿಗೊಮ್ಮೆಯಾದರೂ ತೋರಿಸಬೇಕು. ಸಿಮೆಂಟ್ ಸಡಿಲವಾದರೆ ಪಟ್ಟಿಯ ಅಡಿಯಲ್ಲಿ ಆಹಾರ ಸೇರಿ, ಜಾಗ ಕಾಯಬೇಕಾದ ಕಾಯಂ ಹಲ್ಲೇ ಹುಳುಕಾಗಬಹುದು. ತಂತಿ ಬಾಗಿ ವಸಡಿಗೆ ಚುಚ್ಚಬಹುದು. ಹೊಸ ಹಲ್ಲು ಬರುವ ಹೊತ್ತಿಗೆ ತೆಗೆಯದಿದ್ದರೆ ಟವೆಲ್ ಹಾಕಿದವರೇ ಸೀಟಿಗೆ ಬಂದು ಕೂರಲಾಗದ ಪರಿಸ್ಥಿತಿ. ಹಾಕಿದವರು ಹೈದರಾಬಾದಿನಲ್ಲಿ, ಮಗು ಪುಣೆಯಲ್ಲಿ. ಇದನ್ನು ಯಾರು ನೋಡಬೇಕು?

2024ರ ಮೇ ತಿಂಗಳಲ್ಲಿ ಪುಣೆಗೆ ಬಂದಾಗ ಹೈದರಾಬಾದಿನ ವೈದ್ಯೆ ಕೇಳದೆಯೇ ಒಂದು ಹಾಳೆ ಬರೆದುಕೊಟ್ಟರು. ಯಾವ ಹಲ್ಲು ಎಂದು ತೆಗೆದರು, ಏನು ಹಾಕಿದರು, ಯಾವ ದಿನ ಅಂಟಿಸಿದರು, ಮುಂದೆ ಯಾವಾಗ ಎಕ್ಸ್‌ರೇ ನೋಡಬೇಕು. ಜೊತೆಗೆ ಹಳೆಯ ಎಕ್ಸ್‌ರೇಗಳನ್ನು ಫೋನಿಗೆ ಕಳಿಸಿದರು. ಅವರಿಗೆ ಹಿಡಿದದ್ದು ಐದು ನಿಮಿಷ. ಚೆನ್ನೈನಲ್ಲಿ ಅಂಥ ಐದು ನಿಮಿಷ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಪುಣೆಯ ಕ್ಲಿನಿಕ್ಕಿಗೆ ಮೊದಲ ದಿನ ನಾನೊಬ್ಬನೇ ಮಗನನ್ನು ಕರೆದೊಯ್ದೆ. ಕೌಂಟರಿನಲ್ಲಿದ್ದ ಹುಡುಗಿ ಪ್ರೀತಿಯಿಂದ, "ತುಝೀ ಆಯೀ ಕುಠೇ ಆಹೇ?" ಎಂದು ಕೇಳಿದಳು. ನಮ್ಮ ಮನೆಯಲ್ಲಿ ಆಯಿ ಅಂದರೆ ಅಜ್ಜಿ. ಇವನು ಗಂಭೀರವಾಗಿ "ಗದಗ" ಅಂದ. ತಾಯಿ ಬೇರೆ ಊರಲ್ಲಿದ್ದಾಳೆ, ಪಾಪ ಎಂದು ಆ ಹುಡುಗಿ ಅವನ ಕೈಗೊಂದು ಸ್ಟಿಕರ್ ಕೊಟ್ಟಳು. ನಗು ಬಂತು. ಆದರೆ ಒಂದೇ ಪದ ನೂರಾರು ಕಿಲೋಮೀಟರ್ ದಾಟುವಾಗ ಹೀಗೆ ಅರ್ಥ ಬದಲಿಸಿದರೆ, ಅರೆಬರೆ ತಮಿಳು, ಅರೆಬರೆ ತೆಲುಗಿನಲ್ಲಿ ವೈದ್ಯರು ಹೇಳಿದ ಎಷ್ಟು ಮಾತು ನಮ್ಮ ಕಿವಿಯಿಂದ ಜಾರಿ ಹೋಗಿರಬಹುದು? ಅದಕ್ಕೇ ಬಾಯಿಮಾತು ಸಾಲದು, ಬರೆದುಕೊಡಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಹಲ್ಲು ಕೀಳುವ ಮುನ್ನ ಎರಡೇ ಪ್ರಶ್ನೆ: ಇದನ್ನು ಉಳಿಸಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಈ ಜಾಗಕ್ಕೆ ಏನು ಮಾಡುತ್ತೀರಿ? ಏನೂ ಬೇಡ ಎಂಬ ಉತ್ತರವಾದರೂ ಸರಿ, ಅದೂ ಕಾಗದದ ಮೇಲಿರಲಿ.

ಆ ಕಾಗದದ ಬೆಲೆ ಕಳೆದ ಬೇಸಿಗೆಯಲ್ಲಿ ಗೊತ್ತಾಯಿತು. ಮಕ್ಕಳನ್ನು ಗದಗಿಗೆ ಕಳಿಸಿದ್ದೆವು. ಚಿಕ್ಕಿ, ಅಂಟಿನ ಉಂಡಿ, ಚ್ಯೂಯಿಂಗ್ ಗಮ್ ಕೊಡಬೇಡಿ ಎಂದು ಮೂರು ಸಲ ಹೇಳಿದ್ದೆ. ನಾಲ್ಕನೇ ದಿನ ಅವ್ವನ ಫೋನು. "ಹುಡುಗನ ಬಾಯಾಗಿನ ಕಬ್ಬಿಣ ಉಂಡ್ಯಾಗ ಬಂತಪಾ." ಅಂಟಿನ ಉಂಡಿ ಯಾರು ಕೊಟ್ಟರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆದರೆ ಅವ್ವ ಅದನ್ನು ಎಸೆದಿರಲಿಲ್ಲ, ತೊಳೆದು ಅರಿಶಿನ ಕುಂಕುಮದ ಬಟ್ಟಲ ಪಕ್ಕ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದಳು. ಅಲ್ಲಿನ ದಂತವೈದ್ಯರಿಗೆ ಫೋನಿನಲ್ಲೇ ಹಾಳೆ, ಎಕ್ಸ್‌ರೇ ಕಳಿಸಿದೆ. ಲೂಪ್ ಬಾಗಿಲ್ಲ, ಹಲ್ಲೂ ಸರಿದಿಲ್ಲ ಎಂದು ನೋಡಿ, ಅದನ್ನೇ ಸ್ವಚ್ಛ ಮಾಡಿ ಮರುದಿನವೇ ಅಂಟಿಸಿದರು. ಪುಣೆಗೆ ಮರಳುವವರೆಗೆ ಕಾದಿದ್ದರೆ ಇನ್ನೂ ಮೂರು ವಾರ ಆ ಜಾಗ ತೆರೆದಿರುತ್ತಿತ್ತು. ರಜೆಗೆ ಊರಿಗೆ ಹೋಗುವವರಿಗೆ ಧಾರವಾಡ, ದಾವಣಗೆರೆ, ಮಣಿಪಾಲ, ಮಂಗಳೂರುಗಳಲ್ಲಿ ದಂತ ಕಾಲೇಜುಗಳಿವೆ. ಮುಂಬೈ, ಚೆನ್ನೈ, ಹೈದರಾಬಾದುಗಳಲ್ಲಿ ಸರ್ಕಾರಿ ದಂತ ಕಾಲೇಜುಗಳೂ ಇವೆ. ಮಕ್ಕಳ ಹಲ್ಲಿಗೇ ಪ್ರತ್ಯೇಕವಾಗಿ ಎಂ.ಡಿ.ಎಸ್. ಓದಿದವರು ಇರುತ್ತಾರೆ ಎಂಬುದೇ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ನನ್ನ ಆಕ್ಷೇಪ ಇರುವುದು ವ್ಯವಸ್ಥೆಯ ಮೇಲೆ. ಲಸಿಕೆ ಕಾರ್ಡನ್ನು ಯಾವ ರಾಜ್ಯದ ಆಸ್ಪತ್ರೆಗೆ ಒಯ್ದರೂ ಓದುತ್ತಾರೆ. ಹಲ್ಲಿಗೆ ಅಂಥ ಒಂದು ಪುಟ ಏಕಿಲ್ಲ? ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಹಲ್ಲಿನ ತಪಾಸಣೆಯೂ ಸೇರಿದೆ. ಅದು ಅಂಗನವಾಡಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ. ನಮ್ಮ ಮಕ್ಕಳು ಓದುವ ಖಾಸಗಿ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಕ್ಯಾಂಪ್ ಹೆಸರಿನಲ್ಲಿ ಟಾರ್ಚ್ ಬಿಟ್ಟು ನೋಡಿ, ಒಂದು ರಿಯಾಯಿತಿ ಕೂಪನ್ ಕೊಟ್ಟು ಕಳಿಸುತ್ತಾರೆ. ಕೂಪನ್ನಿನ ಹಿಂಬದಿಯಲ್ಲಾದರೂ ಯಾವ ಹಲ್ಲು ಇಲ್ಲ, ಯಾವುದು ಹುಳುಕು ಎಂದು ಗುರುತು ಹಾಕಿ ಟಿ.ಸಿ. ಜೊತೆ ಕೊಟ್ಟರೆ ವರ್ಗಾವಣೆಯ ಮಕ್ಕಳಿಗೆ ದೊಡ್ಡ ಉಪಕಾರ. ಪುಣೆಯ ನಮ್ಮ ಶಾಲೆಯ ಪಾಲಕರ ಸಭೆಯಲ್ಲಿ ಇದನ್ನು ಹೇಳಿದೆ. ಮುಂದಿನ ಸಭೆಯಲ್ಲಿ ನೋಡೋಣ ಅಂದರು. ಮುಂದಿನ ಸಭೆಯಲ್ಲಿ ವ್ಯಾನ್ ಬಾಡಿಗೆಯ ಗಲಾಟೆ.

ಮಗನಿಗೆ ಈಗ 9. ಲೂಪಿಗೆ ಆನಿಸಿಕೊಂಡಿರುವ ಮುಂದಿನ ಹಾಲುಹಲ್ಲೂ ಇನ್ನೊಂದೆರಡು ವರ್ಷದಲ್ಲಿ ಬೀಳುತ್ತದೆ, ಆಗ ಇದನ್ನು ತೆಗೆದು ಬಿಲ್ಲಿನಂಥ ತಂತಿ ಹಾಕಬೇಕಾಗಬಹುದು ಎಂದು ಪುಣೆಯ ವೈದ್ಯರು ಹಾಳೆಯಲ್ಲಿ ಎರಡು ಸಾಲು ಸೇರಿಸಿದ್ದಾರೆ. ಆ ಹೊತ್ತಿಗೆ ನನಗೆ ಇನ್ನೊಂದು ವರ್ಗವಾಗಿರುತ್ತದೆ. ಅಹಮದಾಬಾದೋ, ದೆಹಲಿಯೋ, ದೇವರು ನಡೆಸಿದರೆ ಹುಬ್ಬಳ್ಳಿಯೋ. ಹಾಳೆಯ ಹಿಂಬದಿ ಇನ್ನೂ ಖಾಲಿ ಇದೆ. ನೀಲಿ ಫೈಲಿಗೆ ಹೊಸ ಝಿಪ್ ಹಾಕಿಸಬೇಕು.